ನನ್ನ ಹೊಟ್ಟೆಗಿಳಿಯದ ಬಲೂನು

ಕೆಳಗೆ ಕೂರುವುದನ್ನೂ ಮೇಲಕ್ಕೆ ಏಳುವುದನ್ನೂ ಜನ ಒಂದೇ ಕೆಲಸ ಅಂದುಕೊಂಡಿದ್ದಾರೆ. ಅವೆರಡೂ ಬೇರೆ ಬೇರೆ. ಮೊದಲನೆಯದು ನನಗೆ ಈಗಲೂ ಸಲೀಸಾಗಿ ಬರುತ್ತದೆ. ಭೂಮಿ ಕರೆಯುತ್ತದೆ, ನಾನು ಹೋಗುತ್ತೇನೆ. ಎರಡನೆಯದಕ್ಕೆ ಮಾತ್ರ ಒಂದು ಕಿಟಕಿಯ ಸರಳು, ಒಂದು ಗಟ್ಟಿ ಗೋಡೆ, ಒಬ್ಬ ಗಂಡ, ಇಷ್ಟು ಸಾಮಾನು ಬೇಕು. ಗೋಡೆಗೆ ನಮ್ಮ ಮನೆಯಲ್ಲಿ ಕೊರತೆಯಿಲ್ಲ. ನಮ್ಮ ಮನೆಯವರು ಗಾರೆ ಮೇಸ್ತ್ರಿ, ಗುಬ್ಬಿಯಲ್ಲಿ ನಮ್ಮ ಬೀದಿಯ ಅರ್ಧ ಮನೆಗಳು ಅವರ ಕೈಯಲ್ಲೇ ಎದ್ದಿವೆ. ಇಷ್ಟೆಲ್ಲ ಎಬ್ಬಿಸಿದ ಮನುಷ್ಯನಿಗೆ ಹೆಂಡತಿಯನ್ನು ಎಬ್ಬಿಸುವುದೇ ಕಷ್ಟವಾದದ್ದು ನನ್ನ ಹಣೆಬರಹ. ನನ್ನ ತೂಕ ಆಗ ತೊಂಬತ್ತಾರು ಕೆಜಿ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಇವತ್ತು ಪೆನ್ನು ಹಿಡಿದು ಇಷ್ಟುದ್ದ ಬರೆಯುತ್ತಿದ್ದೇನೆಂದರೆ ಅದಕ್ಕೆ ಒಂದೇ ಕಾರಣ. ನಾನು ಅಜ್ಜಿಯಾಗಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಸೊಪ್ಪಿನವಳಿಗೆ, ಕರೆಂಟು ಬಿಲ್ಲು ಕೊಡುವವನಿಗೆ ಎಲ್ಲರಿಗೂ ಹೇಳಿ ಮುಗಿಯಿತು. ಇನ್ನು ಉಳಿದವರು ನೀವು.

ಮೊದಲಿಂದ ಹೇಳುತ್ತೇನೆ. ನಮ್ಮ ಒಬ್ಬಳೇ ಮಗಳು ಪವಿತ್ರಳನ್ನು ಕುಣಿಗಲ್ಲಿಗೆ ಕೊಟ್ಟಿದ್ದೇವೆ. ಮದುವೆಯಾಗಿ ಆರು ವರ್ಷ ಕಾದ ಮೇಲೆ ಅವಳಿಗೆ ಮೂರು ತಿಂಗಳು ಅಂತ ಫೋನು ಬಂತು. ನಾನು ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ನಮ್ಮ ಮನೆಯವರು ಅದನ್ನು ಎರಡು ಸಲ ಬಡಿಸಿಕೊಂಡು ಉಂಡರು. ಮಾರನೆಯ ದಿನವೇ ಹೂವು, ಹಣ್ಣು, ಒಂದು ಡಬ್ಬಿ ಕಜ್ಜಾಯ ಹೊತ್ತು ಕುಣಿಗಲ್ಲಿಗೆ ಹೋದೆವು. ಬೀಗಿತ್ತಿ ಸಾವಿತ್ರಮ್ಮ ಚಾಪೆ ಹಾಸಿದರು. ಸಾವಿತ್ರಮ್ಮ ತೆಳ್ಳಗೆ, ನೇರಕ್ಕೆ, ಹೊಸ ಪೊರಕೆ ಕಡ್ಡಿಯ ಹಾಗೆ ಇದ್ದಾರೆ. ಸಂತೋಷದಲ್ಲಿ ನನಗೆ ನನ್ನ ಮೈಯ ನೆನಪೇ ಇರಲಿಲ್ಲ, ಹೋಗಿ ಚಾಪೆಯ ಮೇಲೆ ಕೂತುಬಿಟ್ಟೆ. ಅರಿಸಿನ ಕುಂಕುಮ ಆಯಿತು, ಕಾಫಿ ಆಯಿತು, ಹೊರಡುವ ಹೊತ್ತಾಯಿತು. ಅಲ್ಲಿ ಕಿಟಕಿ ದೂರ. ಗೋಡೆಯ ಪಕ್ಕ ಟಿವಿ. ನಮ್ಮ ಮನೆಯವರು ಬೀಗರ ಜೊತೆ ಬೀದಿಯಲ್ಲಿ ನಿಂತು ಎದುರುಮನೆಯ ಸಜ್ಜ ಯಾಕೆ ಬಿರುಕು ಬಿಟ್ಟಿದೆ ಅಂತ ವಿವರಿಸುತ್ತಿದ್ದರು. ನಾನು ಒಂದು ಸಲ ಬಲಕ್ಕೆ ವಾಲಿದೆ, ಒಂದು ಸಲ ಎಡಕ್ಕೆ ವಾಲಿದೆ, ಕಜ್ಜಾಯದ ಡಬ್ಬಿಯ ಮೇಲೆ ಕೈಯೂರಿದೆ. ಡಬ್ಬಿ ಜಗ್ಗಿತು, ನಾನು ಜಗ್ಗಲಿಲ್ಲ.

"ಅಯ್ಯೋ ಮಂಜೂ, ಬಾರ್ಲಾ ಇಲ್ಲಿ! ನಿಮ್ಮತ್ತೆ ಏಳಕ್ಕಾಗ್ದೆ ಒದ್ದಾಡ್ತವ್ರೆ!" ಎಂದು ಸಾವಿತ್ರಮ್ಮ ಮಗನನ್ನು ಕೂಗಿದರು. ಅಳಿಯಂದಿರು ಒಂದು ತೋಳು ಹಿಡಿದರು, ಮಗಳು ಇನ್ನೊಂದು ತೋಳಿಗೆ ಬಂದಳು. "ನೀನು ಬೇಡ ಕಣೇ, ನೀನು ಭಾರ ಎತ್ತಬಾರದು" ಎಂದು ಸಾವಿತ್ರಮ್ಮ ಸೊಸೆಯನ್ನು ಹಿಂದಕ್ಕೆ ಎಳೆದರು. ಭಾರ ಅಂದದ್ದು ನನಗೆ. ಕೊನೆಗೆ ಅಳಿಯಂದಿರೂ ಬೀಗಿತ್ತಿಯೂ ಸೇರಿ ನನ್ನನ್ನು ನಿಲ್ಲಿಸಿದ ಮೇಲೆ, ಅವರು ಸೆರಗಲ್ಲಿ ಮುಖ ಒರೆಸಿಕೊಂಡು ತುಂಬ ಮೆತ್ತಗೆ ಹೇಳಿದರು: "ಬೇಜಾರ್ ಮಾಡ್ಕಬೇಡಿ ಗಂಗಕ್ಕ. ಮೊದಲ್ನೇ ಬಾಣಂತನ ತವರಲ್ಲೇ ಆಗ್ಬೇಕು, ನಾನೂ ಒಪ್ತೀನಿ. ಆದ್ರೆ ಕೂಸ್ನ ಕಾಲ್ ಮೇಲೆ ಹಾಕ್ಕೊಂಡು ಎರೀಬೇಕಲ್ವಾ? ಎಣ್ಣೆ ಹಚ್ಚಿದ ಕೂಸು ಜಾರ್ತದೆ. ಕೂಸ್ನ ಹಿಡ್ಕಳಾದಾ, ನಿಮ್ಮನ್ನ ಹಿಡ್ಕಳಾದಾ? ಒಂದ್ ಕೆಲ್ಸ ಮಾಡಿ. ಏಳನೇ ತಿಂಗಳಲ್ಲಿ ಸೀಮಂತ. ಅವತ್ತು ಇದೇ ಚಾಪೆ ಮೇಲೆ ಕೂತು, ಯಾರ್ ಕೈನೂ ಹಿಡೀದೆ ಎದ್ಬುಡಿ. ಆವಾಗ್ಲೇ ಸೊಸೇನ ಕಳ್ಸಿಕೊಡ್ತೀನಿ. ಆಗ್ದಿದ್ರೆ ಇಲ್ಲೇ ಆಗ್ಲಿ ಬುಡಿ, ನಾನಿದೀನಿ."

ಬಾಣಂತನ ಅಂದರೆ ಮೆಣಸಿನ ಸಾರು, ಬೆಳ್ಳುಳ್ಳಿ, ಕಟ್ಟುವ ಬಟ್ಟೆ ಮಾತ್ರ ಅಲ್ಲ. ಅಜ್ಜಿಯಾದವಳು ಬಚ್ಚಲಲ್ಲಿ ಮಣೆ ಹಾಕಿಕೊಂಡು, ಎರಡು ಕಾಲನ್ನೂ ಉದ್ದಕ್ಕೆ ಚಾಚಿ, ಮೊಣಕಾಲಿನ ಕೆಳಗೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತೀಡಿ, ಬೋರಲು ಹಾಕಿ ಬೆನ್ನಿಗೆ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆಗೆ ಹಿಡಿಯಬೇಕು. ಪವಿತ್ರಳಿಗೆ ನಮ್ಮತ್ತೆ ಎರೆದರು. ನಮ್ಮತ್ತೆಯ ಕಾಲು ಬಿದಿರಿನ ಏಣಿಯ ಹಾಗಿತ್ತು, ಮಗು ಮೊದಲ ವಾರವೆಲ್ಲ ಬೀದಿ ಕೇಳುವಂತೆ ಅರಚಿತು. ನಾನು ಪಕ್ಕದಲ್ಲಿ ಚೊಂಬು ಹಿಡಿದು ನಿಂತು, ಇವಳ ಮಗುವಿಗೆ ನಾನೇ ಎರೆಯುತ್ತೇನೆ ಅಂತ ಅವತ್ತೇ ಮನಸ್ಸಿನಲ್ಲಿ ಸರದಿ ಹಿಡಿದಿದ್ದೆ. ಸರದಿ ಬರುವಷ್ಟರಲ್ಲಿ ನಾನು ಹೀಗಾಗಿದ್ದೆ. ಉಳಿದದ್ದು ನಾಲ್ಕು ತಿಂಗಳು.

ಊರಿಗೆ ಬಂದು ಅರ್ಧ ಮುದ್ದೆ ಶುರು ಮಾಡಿದೆ. ಉಳಿದರ್ಧ ಹಾಳಾಗಬಾರದು ಅಂತ ಸಂಜೆ ತಿಂದೆ. ವಾಕಿಂಗ್ ಹೋದೆ, ಹೋದ ಕಡೆಯೆಲ್ಲ ಪರಿಚಯದವರು, ಮಗಳು ಬಸುರಿ ಅಂದ ಕೂಡಲೇ ಬಾಯಿಗೆ ಸಿಹಿ ಹಾಕುವವರು. ಒಂದು ತಿಂಗಳು ಹೀಗೆ ನಡೆದ ಮೇಲೆ ಎದುರುಮನೆಯ ನಸೀಮಾ ಸೀಮಂತದ ರವಿಕೆಗೆ ಅಳತೆ ತೆಗೆಯಲು ಬಂದಳು. ನನ್ನ ರವಿಕೆಗಳನ್ನೆಲ್ಲ ಹೊಲಿಯುವವಳು ಅವಳೇ. ಟೇಪು ಸುತ್ತಿ, ನಂಬರು ನೋಡಿ, ಮತ್ತೆ ಸುತ್ತಿದಳು.

"ಗಂಗಕ್ಕ, ಬೇಜಾರಾಗ್ಬೇಡಿ. ಒಂದಿಂಚು ಜಾಸ್ತಿನೇ ಆಗಿದೆ."

ನಾನು ಅಲ್ಲೇ ಅತ್ತೆ. ನಸೀಮಾ ಟೇಪನ್ನು ಕೊರಳಿಗೆ ಹಾಕಿಕೊಂಡು ಪಕ್ಕದಲ್ಲಿ ಕೂತು ಫೋನು ತೆಗೆದಳು. ಅವಳ ತಮ್ಮನ ಹೆಂಡತಿ ತುಮಕೂರಿನಲ್ಲಿ ಹೊಟ್ಟೆಯೊಳಕ್ಕೆ ಬಲೂನು ಹಾಕಿಸಿಕೊಂಡಿದ್ದಳಂತೆ. ಬಾಯಿಂದ ಒಂದು ಕೊಳವೆಯಲ್ಲಿ ಖಾಲಿ ಬಲೂನನ್ನು ಒಳಕ್ಕೆ ಬಿಟ್ಟು, ಅಲ್ಲಿ ನೀರು ತುಂಬಿಸಿ ಊದಿಸುತ್ತಾರೆ. ಹೊಟ್ಟೆಯಲ್ಲಿ ಅದೇ ಜಾಗ ಹಿಡಿದುಕೊಳ್ಳುವುದರಿಂದ ನಾಲ್ಕು ತುತ್ತಿಗೇ ಸಾಕು ಅನ್ನಿಸುತ್ತದೆ. ಆರು ತಿಂಗಳಾದ ಮೇಲೆ ತೆಗೆದುಬಿಡುತ್ತಾರೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ನನಗೆ ಅದು ದೇವರೇ ನನಗಾಗಿ ಊದಿಟ್ಟ ಬಲೂನಿನಂತೆ ಕಂಡಿತು.

ಈಗ ಒಂದು ಗುಟ್ಟು ಹೇಳಬೇಕು. ಮದುವೆಯಾದ ಹೊಸತರಲ್ಲಿ ನನಗೆ ಹೊಟ್ಟೆಯಲ್ಲಿ ಹುಣ್ಣಾಗಿ, ಅದು ತೂತು ಬಿದ್ದು, ತುಮಕೂರಿನ ಆಸ್ಪತ್ರೆಯಲ್ಲಿ ರಾತ್ರೋರಾತ್ರಿ ಹೊಟ್ಟೆ ಕೊಯ್ದು ಹೊಲಿದಿದ್ದರು. ಬದುಕುವ ನಂಬಿಕೆ ಯಾರಿಗೂ ಇರಲಿಲ್ಲ. ಬದುಕಿದೆ. ನಮ್ಮತ್ತೆ ದೇವರಾಯನದುರ್ಗದ ಬೆಟ್ಟ ಹತ್ತಿ ಹರಕೆ ತೀರಿಸಿ ಬಂದವರು, ಬಾಗಿಲಲ್ಲಿ ನಿಂತು ಹೇಳಿದ್ದರು: "ಇನ್ಮೇಲೆ ಈ ಮನೇಲಿ ಆ ಕಾಯ್ಲೆ ಹೆಸರು ಯಾರೂ ಎತ್ತಬ್ಯಾಡಿ. ಹೆಸರು ಹಿಡಿದು ಕರದ್ರೆ ತಿರುಗಿ ಬತ್ತದೆ." ಆಸ್ಪತ್ರೆ ಕೊಟ್ಟ ಚೀಟಿಗಳನ್ನೆಲ್ಲ ಅರಿಸಿನದ ಬಟ್ಟೆಯಲ್ಲಿ ಕಟ್ಟಿ ಅವತ್ತೇ ಗುಬ್ಬಿ ಕೆರೆಗೆ ಬಿಟ್ಟರು. ಅಲ್ಲಿಂದ ಈಚೆಗೆ ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇಲ್ಲ. ತೀರಾ ಅಗತ್ಯ ಬಿದ್ದರೆ "ಆ ವರ್ಷ" ಅನ್ನುತ್ತೇವೆ. ಪವಿತ್ರ ಹುಟ್ಟಿದ್ದು ಆಮೇಲೆ. ಅವಳಿಗೆ ಅದನ್ನು ಯಾವತ್ತೂ ಹೇಳಿರಲಿಲ್ಲ. ಹೊಟ್ಟೆಯ ಮೇಲಿನ ಗೀಟನ್ನು ಸೆರಗು ಮುಚ್ಚಿಕೊಂಡು ಬಂದಿದೆ.

ತುಮಕೂರಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಮನೆಯವರು ತುಂಬ ಹೊತ್ತು ಕಿಟಕಿಯಾಚೆ ನೋಡುತ್ತಿದ್ದರು. ಅವರು ಹಾಗೆ ನೋಡಿದರೆ ಒಳಗೆ ಏನೋ ಕಲಸುತ್ತಿದ್ದಾರೆ ಅಂತ ಅರ್ಥ.

"ಗಂಗೂ, ಡಾಕ್ಟ್ರಿಗೆ ಆ ವರ್ಷದ್ದು ಹೇಳ್ಬೇಕೇನೋ ಕಣೇ."

"ರೀ, ಬಾಯ್ಮುಚ್ಕಳ್ರೀ! ಮಗಳು ತುಂಬಿದ ಬಸುರಿ ಆಗೋ ಟೈಮಲ್ಲಿ ಅದರ ಸುದ್ದಿ ಎತ್ತಬೇಡಿ."

"ಅಲ್ಲ, ಅದೂ ಹೊಟ್ಟೆನೇ, ಇದೂ ಹೊಟ್ಟೆನೇ…"

"ಅದು ಆಗಿ ಮೂವತ್ತೈದು ವರ್ಷ ಆಯ್ತು. ನೀವ್ ಕಟ್ಟಿದ್ ಗೋಡೆ ಅಷ್ಟು ವರ್ಷ ನಿಂತ್ರೆ ಗಟ್ಟಿ ಅಂತೀರೋ ಇಲ್ವೋ?"

ಗೋಡೆಯ ಮಾತು ಬಂದರೆ ಅವರು ಸೋಲುತ್ತಾರೆ. ನರ್ಸಿಂಗ್ ಹೋಮಿನಲ್ಲಿ ಫಾರಂ ತುಂಬುವ ಹುಡುಗಿ, ಶುಗರ್ ಇದೆಯಾ, ಬಿಪಿ ಇದೆಯಾ, ಈ ಮುಂಚೆ ಏನಾದರೂ ಆಪರೇಷನ್ ಆಗಿದೆಯಾ ಎಂದು ಒಂದೇ ಉಸಿರಿಗೆ ಕೇಳಿದಾಗ ಅವರು ಹೊರಗೆ ಬೀಡಿ ಸೇದಲು ಹೋಗಿದ್ದರು. ನಾನು ಒಂದೇ ಉಸಿರಿಗೆ "ಏನೂ ಇಲ್ಲಮ್ಮ" ಅಂದೆ. ಅವಳು ತೋರಿಸಿದ ಕಡೆ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಜೋಡಿಸಿ ಸಹಿ ಮಾಡಿದೆ. ನನ್ನ ಸಹಿ ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದಾಗ ಸೆರಗನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದೆ. ನಾಚಿಕೆ ಅಂದುಕೊಂಡರು ಪಾಪ, ಹುಡುಗ, ನನ್ನ ಮಗಳ ವಯಸ್ಸಿನವರು. ರಕ್ತ, ಸ್ಕ್ಯಾನು, ಇಸಿಜಿ ಆಯಿತು. ಇಸಿಜಿಯವಳು ಸೆರಗು ಸರಿಸದೆ ಅಲ್ಲಲ್ಲೇ ತೂರಿಸಿ ಮುಗಿಸಿದಳು. ಸ್ಕ್ಯಾನಿನವರು ಟಿವಿ ನೋಡುತ್ತಿದ್ದರು, ನನ್ನನ್ನಲ್ಲ. ಬಲೂನಿಗೆ ದಿನ ಗೊತ್ತಾಯಿತು.

ಆ ದಿನ ಬೆಳಿಗ್ಗೆಯಿಂದ ನೀರೂ ಇಲ್ಲ. ಹಸಿವಿನಲ್ಲಿ ಮನುಷ್ಯರಿಗೆ ಬುದ್ಧಿ ಚುರುಕಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಅಷ್ಟು ಹಸಿದದ್ದೇ ಇಲ್ಲ. ತಳ್ಳುವ ಮಂಚದ ಮೇಲೆ ಮಲಗಿ, ಮೇಲೆ ಓಡುತ್ತಿದ್ದ ಟ್ಯೂಬ್ ಲೈಟುಗಳನ್ನು ಎಣಿಸುತ್ತಿದ್ದಾಗ ಇದ್ದಕ್ಕಿದ್ದಂತೆ ನಮ್ಮ ಮನೆಯವರ ಮಾತು ತಲೆಯೊಳಗೆ ಬಂತು: ಅದೂ ಹೊಟ್ಟೆನೇ, ಇದೂ ಹೊಟ್ಟೆನೇ. ಹಳೆಯ ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕಿದ ಜಾಗ ನೆನಪಾಯಿತು. ಗಾಳಿ ಜಾಸ್ತಿ ಹೊಡೆದರೆ ಮೊದಲು ಬಾಯಿ ಬಿಡುವುದು ಅದೇ ಜಾಗ. ಈಗಲೂ ಹೇಳಬಹುದು, ಬಾಯಿ ಇನ್ನೂ ನನ್ನದೇ. ಹೇಳಿದರೆ ಬಲೂನಿಲ್ಲ, ಬಲೂನಿಲ್ಲದಿದ್ದರೆ ಚಾಪೆಯಿಂದ ಏಳುವುದಿಲ್ಲ, ಎದ್ದೇಳದಿದ್ದರೆ ಕೂಸಿಲ್ಲ. ಹೇಳದಿದ್ದರೆ? ನಾನೇ ಇರದಿದ್ದರೆ ಎರೆಯುವವರು ಯಾರು? ಅತ್ತೆ ಬಾಗಿಲಲ್ಲಿ ನಿಂತು ಬೆರಳೆತ್ತಿದಂತೆ ಕಂಡಿತು. ತುಟಿ ಬಿಗಿದುಕೊಂಡೆ. ಒಬ್ಬರು ಬಂದು ಬಾಯಿಗೆ ಕಚ್ಚಿಕೊಳ್ಳಲು ಪ್ಲಾಸ್ಟಿಕ್ಕಿನ ಉಂಗುರ ರೆಡಿ ಮಾಡುತ್ತಿದ್ದರು. ಇನ್ನೊಬ್ಬರು ಸೂಜಿ ನೋಡುತ್ತಿದ್ದರು. ಎದೆಗೆ ತಂತಿ ಅಂಟಿಸಲು ಬಂದ ಸಿಸ್ಟರು ಅಮೃತೂರಿನ ಕಡೆಯವಳು, ಬೆಳಿಗ್ಗೆಯೇ ಊರು ಕೇಳಿ ಪರಿಚಯ ಮಾಡಿಕೊಂಡಿದ್ದಳು. ಆಸ್ಪತ್ರೆಯ ಹಸಿರು ಗೌನಿಗೆ ಸೆರಗಿರುವುದಿಲ್ಲ. ಅವಳು ಅದನ್ನು ಸರಿಸಿದವಳು ಹಾಗೇ ನಿಂತಳು.

"ಅಮ್ಮಾ, ಇದೇನು ಗೀಟು?"

"ಅದಾ… ಹೆರಿಗೇದು ಕಣಮ್ಮ. ಸಿಸೇರಿಯನ್."

ಸಿಸ್ಟರು ನನ್ನ ಮುಖ ನೋಡಿದಳು, ಗೀಟು ನೋಡಿದಳು. ಅದು ಎದೆಗೂಡಿನ ಕೆಳಗೆ ಶುರುವಾಗಿ ಹೊಕ್ಕುಳ ಹತ್ತಿರ ನಿಲ್ಲುತ್ತದೆ.

"ಏನಮ್ಮಾ, ಕೂಸ್ನ ಮಹಡಿ ಮೇಲಿಂದ ಇಳಿಸಿದ್ರಾ?"

ಕಣ್ಣಲ್ಲಿ ನೀರು ಬಂದು ಕಿವಿಯೊಳಕ್ಕೆ ಇಳಿಯಿತು. "ಸರ್, ಒಂದ್ನಿಮಿಷ ನಿಲ್ಸಿ" ಎಂದು ಅವಳು ಕೂಗಿದಳು. ಸೂಜಿ ನಿಂತಿತು. ಡಾಕ್ಟರು ಬಂದರು, ಕೈಗವಸು ಬಿಚ್ಚಿದರು, ಸ್ಟೂಲು ಎಳೆದು ಕೂತರು. ಬೈದರೆ ಚೆನ್ನಾಗಿತ್ತು, ಅವರು ಬೈಯಲಿಲ್ಲ. "ಹೇಳಿ ಅಮ್ಮ" ಅಂದರು. ಮೂವತ್ತೈದು ವರ್ಷ ಮುಚ್ಚಿಟ್ಟಿದ್ದನ್ನು ನಾನು ಮಲಗಿಕೊಂಡೇ ಹೇಳಿದೆ. ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು.

"ಒಳಗೆ ಏನ್ಮಾಡಿದ್ರು? ತೂತು ಹೊಲಿದ್ರಾ, ಹೊಟ್ಟೆ ಭಾಗ ಏನಾದ್ರೂ ತೆಗೆದ್ರಾ? ಆಗಿನ ಪೇಪರ್ಸ್ ಎಲ್ಲಿ?"

"ಗುಬ್ಬಿ ಕೆರೇಲಿ ಸಾರ್."

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಒಂದು ಸಲ ಕೊಯ್ದು ಹೊಲಿದ ಹೊಟ್ಟೆ ಹೊರಗಿಂದ ವಾಸಿಯಾದಂತೆ ಕಂಡರೂ ಒಳಗೆ ಅಲ್ಲಲ್ಲಿ ಗಟ್ಟಿಯಾಗಿರುತ್ತದೆ, ಅಂಟಿಕೊಂಡಿರುತ್ತದೆ, ಹೊಟ್ಟೆಯ ಆಕಾರವೂ ಬದಲಾಗಿರಬಹುದು. ಅದರೊಳಗೆ ಬಲೂನು ಕೂರಿಸಿದರೆ ಆ ಜಾಗ ಹರಿಯಬಹುದು, ಇಲ್ಲವೆ ಬಲೂನೇ ಸಿಕ್ಕಿಕೊಳ್ಳಬಹುದು. ಎರಡೂ ಜೀವಕ್ಕೇ ಅಪಾಯ. ಹಾಗಾಗಿ ಹೊಟ್ಟೆ ಆಪರೇಷನ್ ಆದವರಿಗೆ ಬಲೂನು ಹಾಕುವುದಿಲ್ಲ. ನಾನು ಸಂತೆಯಲ್ಲಿ ಬೆಳೆದವಳು, ಇಷ್ಟಕ್ಕೆ ಬಿಡುತ್ತೇನಾ?

"ಕೊಳವೆ ಬೇಡ ಸಾರ್. ಮಾತ್ರೆ ಥರ ನುಂಗೋ ಬಲೂನು ಬಂದೈತಂತಲ್ಲ?"

"ಅದೂ ಆಗಲ್ಲ ಅಮ್ಮ. ಹೇಗೆ ಒಳಗೆ ಹೋದ್ರೂ ಬಲೂನು ಬಲೂನೇ."

"ಸಣ್ಣ ಸೈಜು?"

"ಇಲ್ಲ."

"ಅರ್ಧಕ್ಕಾದ್ರೂ ಊದಿ ಸಾರ್. ಸೀಮಂತ ಮುಗಿಯೋವರ್ಗೂ ಸಾಕು."

ಸಿಸ್ಟರು ಮುಖ ಆ ಕಡೆ ತಿರುಗಿಸಿದಳು, ಅವಳ ಭುಜ ಕುಲುಕುತ್ತಿತ್ತು. ಡಾಕ್ಟರು ಮಾತ್ರ ನಗಲಿಲ್ಲ. "ದಾರಿ ಬಲೂನೊಂದೇ ಅಲ್ಲ. ಊಟದ ಚಾರ್ಟ್ ಕೊಡಿಸ್ತೀನಿ, ನಡಿಗೆ ಇದೆ, ಬೇಕಾದ್ರೆ ನೋಡ್ಕೊಂಡು ಔಷಧಿ ಇದೆ. ದೊಡ್ಡ ಆಪರೇಷನ್ ಬೇಕೋ ಬೇಡ್ವೋ ಅನ್ನೋದನ್ನ ಎಲ್ಲಾ ಟೆಸ್ಟ್ ಮಾಡಿ ದೊಡ್ಡ ಡಾಕ್ಟರ್ ಹೇಳ್ಬೇಕು. ಯಾವುದೂ ನಾಲ್ಕು ದಿನದ ಕೆಲಸ ಅಲ್ಲ. ಇನ್ನೊಂದ್ ಮಾತು, ಇನ್ಮೇಲೆ ಯಾವ ಡಾಕ್ಟ್ರು ಕೇಳಿದ್ರೂ ಮೊದಲು ಈ ಗೀಟು ತೋರ್ಸಿ" ಅಂದರು. ನಮ್ಮ ಮನೆಯವರನ್ನು ಒಳಗೆ ಕರೆದರು. ಅವರು ಬಂದು, ಎಲ್ಲ ಕೇಳಿ, ನನ್ನ ಹಣೆಯ ಮೇಲೆ ಕೈಯಿಟ್ಟರು. ಸಿಮೆಂಟಿನಿಂದ ಒರಟಾದ ಕೈ. "ಹೇಳು ಅಂದ್ನಲ್ಲೇ" ಅಂದರು, ಅಷ್ಟೇ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವರು ಮತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಮನೆಗೆ ಬಂದು ನಾನು ಗಂಜಿ ಕುಡಿಯುತ್ತಿದ್ದರೆ ಅವರು ಕೆಲಸದ ಚೀಲದಿಂದ ಉಕ್ಕಿನ ಟೇಪು ತೆಗೆದು, ನಾನು ಕೂತಿದ್ದ ಕುರ್ಚಿಯ ಎತ್ತರ ಅಳೆದರು. ಆಮೇಲೆ ನನ್ನ ಸೊಂಟದ ಅಗಲ. ಆಮೇಲೆ ಕಾಲು ಚಾಚಲು ಹೇಳಿ ಅದರ ಉದ್ದ. ಕಿವಿಯ ಮೇಲಿನ ಪೆನ್ಸಿಲು ತೆಗೆದು ಗೋಡೆಯ ಮೇಲೆ ಬರೆದುಕೊಂಡರು. ನಸೀಮಾಳ ಟೇಪಿಗಾದರೆ ನಾನು ಉಸಿರು ಬಿಗಿಹಿಡಿದು ಮೋಸ ಮಾಡುತ್ತಿದ್ದೆ. ಉಕ್ಕಿನ ಟೇಪಿಗೆ ಅದು ನಡೆಯುವುದಿಲ್ಲ.

"ಏನ್ರೀ ಇದು, ಪೆಟ್ಟಿಗೆಗೆ ಅಳತೇನಾ?"

"ಬುಡ್ತು ಅನ್ನು! ನೀನು ನೆಲದಿಂದ ಏಳಕ್ಕಾಗಲ್ಲ, ಸರಿ. ನೆಲಾನೇ ಮೇಲಕ್ಕೆ ತರ್ತೀನಿ."

ಬಚ್ಚಲಿನಲ್ಲಿ ಕುರ್ಚಿಯ ಎತ್ತರಕ್ಕೆ, ಮಂಚದ ಉದ್ದಕ್ಕೆ ಒಂದು ಕಟ್ಟೆ ಎಬ್ಬಿಸಿದರು. ಅದಕ್ಕೆ ಜಾರದ ಕಲ್ಲು ಹಾಸಿದರು, ನೀರು ಹರಿಯಲು ಇಳಿಜಾರು, ಕೂಸಿನ ಪಕ್ಕಕ್ಕೆ ಒಂದು ಗೇಣು ಎತ್ತರದ ಅಂಚು, ನನ್ನ ಬಲಗೈಗೆ ಸಿಗುವಂತೆ ಗೋಡೆಗೆ ಒಂದು ಕಬ್ಬಿಣದ ಹಿಡಿ. ಸಿಮೆಂಟು ಗಟ್ಟಿಯಾಗಲಿ ಅಂತ ಆರು ದಿನ ಅದರ ಮೇಲೆ ಗೋಣಿಚೀಲ ಹಾಸಿ ನೀರು ಹೊಯ್ದರು. ಮಗಳ ಮನೆಗೂ ಅಷ್ಟು ಶ್ರದ್ಧೆಯಿಂದ ಯಾರೂ ಕ್ಯೂರಿಂಗ್ ಮಾಡಿರಲಿಕ್ಕಿಲ್ಲ. ನಾನು ಇತ್ತ ಊಟದ ಚಾರ್ಟು ಹಿಡಿದು, ಈ ಸಲ ಸಂಜೆಯ ಅರ್ಧ ಮುದ್ದೆಯನ್ನೂ ಬಿಟ್ಟೆ. ತೂಕ ಗ್ರಾಮು ಗ್ರಾಮಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಇಳಿಯಿತು. ಆದರೆ ಚಾಪೆಗೂ ನನಗೂ ಇರುವ ಲೆಕ್ಕ ಬೇರೆ. ದಿನಾ ನಡುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ, ದಿನಾ ಕಿಟಕಿಯ ಸರಳನ್ನೇ ಹಿಡಿಯುತ್ತಿದ್ದೆ.

ಸೀಮಂತದ ದಿನ ಬಂತು. ಹುಲಿಯೂರುದುರ್ಗದಿಂದ ಬೀಗರ ಕಡೆಯವರೆಲ್ಲ ಬಂದಿದ್ದರು. ಹಸಿರು ಸೀರೆ, ಹಸಿರು ಬಳೆಯಲ್ಲಿ ಪವಿತ್ರ ಕುರ್ಚಿಯ ಮೇಲೆ ಕೂತಿದ್ದಳು. ಅವಳ ಎದುರಿಗೆ ಅದೇ ಚಾಪೆ. ಸಾವಿತ್ರಮ್ಮ ನಗುತ್ತಲೇ "ಬನ್ನಿ ಗಂಗಕ್ಕ, ಕೂತ್ಕಳಿ" ಅಂದರು. ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಪಂದ್ಯದ ಸುದ್ದಿ ಹುಲಿಯೂರುದುರ್ಗದವರೆಗೂ ಹೋಗಿತ್ತು ಅಂತ ಆಗ ಗೊತ್ತಾಯಿತು. ನಾನು ಚಾಪೆಯ ಅಂಚಿಗೆ ಬಂದು ನಿಂತೆ. ಹೇಗೋ ಕೂತು, ಮಗಳ ಕುರ್ಚಿಯ ಕಾಲನ್ನು ಸೆರಗಿನ ಮರೆಯಲ್ಲಿ ಹಿಡಿದು ಎದ್ದುಬಿಡಲಾ ಅನ್ನಿಸಿತು. ಒಂದು ಸಲ ಗೀಟನ್ನು ಸೆರಗಿನ ಮರೆಯಲ್ಲಿ ಇಟ್ಟದ್ದಕ್ಕೆ ಏನಾಗುತ್ತಿತ್ತು ಅಂತ ನೆನಪಾಯಿತು. ಕುರ್ಚಿಯ ಮೇಲೆ ಬಸುರಿ ಹುಡುಗಿ ಬೇರೆ.

"ಸಾವಿತ್ರಕ್ಕ, ನಾನು ಕೂರಲ್ಲ" ಅಂದೆ. "ಕೂತ್ರೆ ಏಳಕ್ಕಾಗಲ್ಲ. ತೂಕ ಇಳಿಸಕ್ಕೆ ಹೊಟ್ಟೆಗೆ ಬಲೂನ್ ಹಾಕಿಸ್ಕೊಳಕ್ಕೂ ಹೋಗಿದ್ದೆ. ಹಿಂದೆ ನನಗೆ ಹೊಟ್ಟೆ ಹುಣ್ಣು ಒಡೆದು ಆಪರೇಷನ್ ಆಗಿತ್ತು, ಅದಕ್ಕೆ ಹಾಕಲ್ಲ ಅಂದ್ರು."

"ಅಮ್ಮಾ! ಯಾವಾಗ?" ಪವಿತ್ರ ಎದ್ದು ನಿಂತಳು.

"ಕೂತ್ಕೊಳೇ, ನೀನ್ ಹುಟ್ಟೋಕ್ ಮುಂಚೆ. ಬದುಕಿದೀನಲ್ಲ."

ಆಗ ಬಾಗಿಲ ಹತ್ತಿರದಿಂದ ನಮ್ಮ ಮನೆಯವರ ದನಿ ಕೇಳಿತು. ಹೆಂಗಸರ ಮಧ್ಯೆ ಅವರು ಯಾವತ್ತೂ ಮಾತಾಡಿದವರಲ್ಲ. "ಬೀಗಿತ್ತೀರೇ, ಗುಬ್ಬಿಗೆ ಬಂದು ಒಂದ್ಸಲ ಬಚ್ಚಲು ನೋಡಿ. ಆಮೇಲೆ ನೀವ್ ಹೇಳ್ದಂಗೆ" ಅಂದು, ಕೆಮ್ಮಿ, ಮತ್ತೆ ಬೀದಿಗೆ ಹೋಗಿಬಿಟ್ಟರು.

ಅಷ್ಟು ಜನರ ಮುಂದೆ ಬಚ್ಚಲು ನೋಡಲು ಆಹ್ವಾನ ಕೊಟ್ಟ ಬೀಗರು ನಮ್ಮ ಕಡೆ ಇವರೊಬ್ಬರೇ ಇರಬೇಕು. ಸಾವಿತ್ರಮ್ಮ ಬಂದರು, ಮೂರನೆಯ ದಿನವೇ. ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ನನ್ನೊಬ್ಬಳನ್ನೇ ಒಳಗೆ ಇಟ್ಟುಕೊಂಡರು. ಕಟ್ಟೆಯನ್ನು ತಟ್ಟಿ ನೋಡಿದರು. ಅಂಚು ಸವರಿದರು. "ಹತ್ತಿ" ಅಂದರು. ಹತ್ತಿ ಕೂತೆ, ಕಾಲು ಚಾಚಿದೆ. ಅವರು ನಮ್ಮ ಮನೆಯ ಒಂದು ದಿಂಬನ್ನು ತಂದು ನನ್ನ ಕಾಲಿನ ಮೇಲೆ ಹಾಕಿ, "ಎರೀರಿ" ಅಂದರು. ನಾನು ದಿಂಬಿಗೆ ಎಣ್ಣೆ ತೀಡಿದಂತೆ ಮಾಡಿ, ಬೋರಲು ಹಾಕಿ, ಬೆನ್ನು ತಟ್ಟಿ, ಎದೆಗೆ ಅಪ್ಪಿಕೊಂಡು, ಹಿಡಿ ಹಿಡಿದು ಎದ್ದು ನಿಂತೆ. ದಿಂಬು ಬೀಳಲಿಲ್ಲ. ಸಾವಿತ್ರಮ್ಮ ತಾವೂ ಕಟ್ಟೆಯ ಮೇಲೆ ಹತ್ತಿ ಕೂತರು, ಇಳಿದರು, ಮತ್ತೆ ಹತ್ತಿದರು. ಆಮೇಲೆ ದನಿ ತಗ್ಗಿಸಿದರು.

"ಗಂಗಕ್ಕ, ಯಾರ್ಗೂ ಹೇಳ್ಬೇಡಿ. ನನಗೂ ಮಂಡಿ ಹೋಗಿ ಎರಡ್ ವರ್ಷ ಆಯ್ತು. ಸೊಸೆ ಮುಂದೆ ಹೆಂಗ್ ಹೇಳ್ಲಿ ಅಂತ ಸುಮ್ನಿದ್ದೆ. ಅವತ್ತು ನಿಮ್ಮನ್ನ ಎತ್ತಿದ್ದಕ್ಕೆ ಮೂರು ದಿನ ಮಲ್ಗಿದೀನಿ."

"ಮತ್ತೆ ನಾನಿದೀನಿ ಅಂದ್ರಿ?"

"ಅಂದೆ. ನಿಮ್ಮನ್ನ ನೋಡಿ ನನಗೆ ಭಯ ಆಯ್ತು. ಇವರ ಕೈಲೂ ಆಗ್ದೆ, ನನ್ ಕೈಲೂ ಆಗ್ದೆ ಇದ್ರೆ ಕೂಸ್ನ ಯಾರ್ ನೋಡ್ತಾರೆ ಅಂತ. ಮೇಸ್ತ್ರಿಗೆ ಹೇಳಿ, ಕುಣಿಗಲ್ಲಲ್ಲೂ ಇಂಥದ್ದೊಂದು ಕಟ್ಕೊಡಕ್ಕೆ. ಕೂಸಿಗೆ ಆರ್ ತಿಂಗಳಾದ್ಮೇಲೆ ನಮ್ಮನೆಗೆ ಬತ್ತದಲ್ಲ, ಆವಾಗ ನನಗೆ ಬೇಕು."

ಇಬ್ಬರೂ ಬಚ್ಚಲಲ್ಲಿ ಕೂತು ಎಷ್ಟು ನಕ್ಕೆವೆಂದರೆ, ಒಳಗೆ ಇಬ್ಬರೂ ಬಿದ್ದಿದ್ದಾರೆಂದು ನಮ್ಮ ಮನೆಯವರು ಬಾಗಿಲು ಬಡಿದರು.

ಹುಟ್ಟಿದ್ದು ಹೆಣ್ಣು. ಎರಡು ಕೆಜಿ ಎಂಟುನೂರು ಗ್ರಾಮು. ಅವಳ ಕಣ್ಣು, ಮೂಗು, ಅವಳು ಆಕಳಿಸುವಾಗ ಬಾಯಿ ಸೊಟ್ಟಗಾಗುವುದು, ಇದನ್ನೆಲ್ಲ ಬರೆಯಲು ಕೂತರೆ ಈ ಪೆನ್ನಿನ ಇಂಕು ಸಾಲದು. ಹೊಕ್ಕುಳು ಬಿದ್ದ ಮೇಲೆ ಮೊದಲ ಎಣ್ಣೆನೀರು. ಕಟ್ಟೆಯ ಸುತ್ತ ಮಗಳು, ಸಾವಿತ್ರಮ್ಮ, ನಸೀಮಾ. ಬಾಗಿಲ ಸಂದಿಯಲ್ಲಿ ಮೇಸ್ತ್ರಿಯ ಒಂದು ಕಣ್ಣು. ದಿಂಬು ಬೇರೆ, ಜೀವ ಬೇರೆ. ಅಂಗೈಯಷ್ಟು ಬೆನ್ನು, ಎಣ್ಣೆಗೆ ಮೀನಿನ ಹಾಗೆ ನುಣುಚುತ್ತಿತ್ತು. ಮೊದಲ ಚೊಂಬು ನೀರು ಬೆನ್ನ ಮೇಲೆ ಬಿದ್ದಾಗ ಕೂಸು ಅರಚುತ್ತದೆಂದು ಎಲ್ಲರೂ ಉಸಿರು ಹಿಡಿದರು. ಅದು ಒಂದು ಸಲ ಮುಖ ಸಿಂಡರಿಸಿ, ನನ್ನ ಕಾಲಿನ ಮೇಲೆ ಕೆನ್ನೆ ಒರಗಿಸಿ, ನಿದ್ದೆಗೆ ಜಾರಿತು.

"ನೋಡ್ರೇ, ಹಾಸಿಗೆ ಸಿಕ್ತು ಅಂತ ಮಲಗ್ಬುಡ್ತು!" ಅಂದರು ಸಾವಿತ್ರಮ್ಮ. ಬಿದಿರಿನ ಏಣಿಯ ಮೇಲೆ ಅರಚಿದ ಇದರ ಅಮ್ಮ ಪಕ್ಕದಲ್ಲೇ ಚೊಂಬು ಹಿಡಿದು ನಿಂತಿದ್ದಳು. ನಾನು ಬಲೂನು ಹಾಕಿಸಿ ಕರಗಿಸಲು ಹೊರಟಿದ್ದ ಮೈಯನ್ನು ಮೊದಲ ಸಲ ಯಾರೋ ಮೆಚ್ಚಿಕೊಂಡಿದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಹೋದ ವಾರ, ಕೂಸಿಗೆ ಒಂದೂವರೆ ತಿಂಗಳಾದಾಗ, ಅಳಿಯಂದಿರು ತೂಕದ ಮಿಷನ್ನು ತಂದರು. ಕೂಸು ಒಂದೇ ಮಲಗಿದರೆ ಅದು ತೋರಿಸುವುದಿಲ್ಲ. ಯಾರಾದರೂ ಎತ್ತಿಕೊಂಡು ನಿಂತು, ತಮ್ಮ ತೂಕ ಕಳೆಯಬೇಕು. ಎತ್ತಿಕೊಂಡು ನಿಂತವಳು ನಾನು. ತೊಂಬತ್ತಾರೂವರೆ ಅಂತ ಬಂತು. ನನ್ನನ್ನು ಬೇರೆ ತೂಗುವುದು ಬೇಡ, ನನ್ನ ತೂಕ ತೊಂಬತ್ತೊಂದು ಅಂತ ತುಮಕೂರಿನ ನರ್ಸಿಂಗ್ ಹೋಮಿನವರು ಬರೆದುಕೊಟ್ಟ ಚೀಟಿಯೇ ಬೀರುವಿನ ಮೇಲೆ ಅಂಟಿಸಿದೆ ಎಂದು ನಾನೇ ಜಂಬದಿಂದ ಹೇಳಿದೆ. ಆ ಚೀಟಿ ಹೆರಿಗೆಗೆ ಮುಂಚಿನದು. ನಮ್ಮ ಮನೆಯವರು ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಕಳೆದರು: ಐದೂವರೆ ಕೆಜಿ! ಕುಣಿಗಲ್ಲಿಗೆ ಫೋನು ಹೋಯಿತು. ಸಾವಿತ್ರಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದರು. ಮಾರನೆಯ ದಿನ ಅಂಗನವಾಡಿಯಲ್ಲಿ ಚುಚ್ಚುಮದ್ದಿನ ಸಿಸ್ಟರು ಕೂಸನ್ನು ಒಂದನ್ನೇ ತಕ್ಕಡಿಯಲ್ಲಿ ಮಲಗಿಸಿ, "ನಾಲ್ಕು ಕೆಜಿ ನೂರು ಗ್ರಾಮ್, ಚೆನ್ನಾಗಿ ಬೆಳೀತಿದೆ" ಅಂದಳು.

ಉಳಿದ ಒಂದು ಕೆಜಿ ನಾನೂರು ಗ್ರಾಮು ಯಾರದು ಅಂತ ದಾರಿಯುದ್ದಕ್ಕೂ ಯಾರೂ ಕೇಳಲಿಲ್ಲ. ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯ ಪಾಕ ಹದವಾಗಿದೆಯ ಅಂತ ದಿನಾ ನೋಡಬೇಕಾದವರು ಯಾರು, ನೀವೇ ಹೇಳಿ. ಮನೆಗೆ ಬಂದ ಕೂಡಲೇ ನಾನು ಬಾಗಿಲಲ್ಲಿ ನಿಂತು, ಬೆರಳೆತ್ತಿ, "ಇನ್ಮೇಲೆ ಈ ಮನೇಲಿ ಆ ಒಂದು ಕೆಜಿ ನಾನೂರು ಗ್ರಾಮಿನ ಹೆಸರು ಯಾರೂ ಎತ್ತಬಾರದು" ಅಂದೆ. ನಮ್ಮ ಮನೆಯವರು ಬೀರುವಿನ ಮೇಲಿನ ಚೀಟಿಯನ್ನು ಮೆಲ್ಲಗೆ ಬಿಡಿಸಿ ಕೈಯಲ್ಲಿ ಹಿಡಿದುಕೊಂಡರು.

"ಗಂಗೂ, ಇದ್ನೂ ಕೆರೆಗೆ ಬುಡ್ಲಾ?"

ಬೇಡ ಅಂದೆ. ಆದರೆ ತಕ್ಷಣಕ್ಕೆ ಅನ್ನಲಿಲ್ಲ.